ಆಡಿನ ಮುಂದೆ ಸಿಕ್ಕಿಬಿದ್ದವರ ಪರವಾಗಿ

ಓದುಗರ ಪತ್ರ:

ಹೋದ ಸಂಚಿಕೆಯಲ್ಲಿ ‘ಬ್ರೋಕನ್ ಸ್ವೋರ್ಡ್’ ಕಂಪ್ಯೂಟರ್ ಆಟದ ಹೊಸ ರೂಪದ ಬಗ್ಗೆ ನೀವು ಬರೆದ ಅರ್ಧ ಪುಟ ಓದಿದೆ. ಹೊಗಳಿಕೆ ಸ್ವಲ್ಪ ಜಾಸ್ತಿಯೇ ಆಯಿತು. 1996ರ ಮೂಲ ಆಟ ಮುಗಿಸೋಕೆ ನನಗೆ ಮೂರು ತಿಂಗಳು ಹಿಡಿದಿತ್ತು. ಹೊಸದು ಮೂರು ಸಂಜೆಗೆ ಮುಗಿಯಿತು. ತಲೆ ಕೆರೆದುಕೊಳ್ಳುವ ಮೊದಲೇ ಸುಳಿವು ಬಂದು ಎದುರಿಗೆ ನಿಲ್ಲುತ್ತದೆ. ಇದು ಪತ್ತೇದಾರಿ ಆಟವೋ, ಗೈಡ್ ಕೈಹಿಡಿದು ಸುತ್ತಿಸುವ ಪ್ರವಾಸವೋ? ಹಳೆಯದನ್ನು ಮುಟ್ಟದೆ ಬಿಟ್ಟಿದ್ದರೆ ಏನಾಗುತ್ತಿತ್ತು? ಕೊನೆಯದಾಗಿ, ನೀವು ಹಳೆಯದನ್ನು ನಿಜವಾಗಿ ಆಡಿದ್ದೀರಾ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆಡಿದ್ದೇನೆ. ಎರಡು ಸಿ.ಡಿ.ಗಳ ಆಟ ಅದು. ಒಂದು ತೆಗೆದು ಇನ್ನೊಂದು ಹಾಕು ಅಂತ ಪರದೆ ಕೇಳಿದಾಗ ಎದ್ದು ಹೋಗಿ ಹಾಕಿದವನೇ ನಾನು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅದರಲ್ಲಿ ದಾರಿಗೆ ಅಡ್ಡ ನಿಲ್ಲುವ ಒಂದು ಆಡಿನ ಒಗಟು ಬರುತ್ತದೆ, ಅದನ್ನು ನಾನು ಬಿಡಿಸಲಿಲ್ಲ. ಒಬ್ಬ ಗೆಳೆಯ ಹೇಳಿಕೊಟ್ಟ. ಅವನೇ ಬಿಡಿಸಿದ್ದು ಅಂತ ಬಹಳ ವರ್ಷ ನಂಬಿದ್ದೆ. ಆಮೇಲೆ ಗೊತ್ತಾಯಿತು, ಅವನಿಗೂ ಯಾರೋ ಹೇಳಿಕೊಟ್ಟಿದ್ದರು.

ಈ ಆಟ ಆಡದವರೂ ಈ ಪುಟ ಓದುತ್ತಾರೆ. ಅವರಿಗಾಗಿ ನಾಲ್ಕು ಮಾತು. ಇಂಗ್ಲೆಂಡಿನ ಯಾರ್ಕ್ ನಗರದ ರೆವಲ್ಯೂಷನ್ ಸಾಫ್ಟ್‌ವೇರ್ ಮಾಡಿದ ಆಟ ಇದು. ಮುಂದೆ ನಿಂತು ಮಾಡಿಸಿದವರು ಚಾರ್ಲ್ಸ್ ಸೆಸಿಲ್. ಪ್ಯಾರಿಸ್ಸಿನ ಒಂದು ಕೆಫೆಯ ಹೊರಗೆ ಜಾರ್ಜ್ ಸ್ಟಾಬರ್ಟ್ ಎಂಬ ಅಮೆರಿಕನ್ ಪ್ರವಾಸಿ ಕೂತಿರುತ್ತಾನೆ. ಕೋಡಂಗಿ ವೇಷದವನೊಬ್ಬ ಅಕಾರ್ಡಿಯನ್ ಹಿಡಿದು ಒಳಗೆ ಹೋಗುತ್ತಾನೆ, ಒಬ್ಬ ಮುದುಕನ ಬ್ರೀಫ್‌ಕೇಸ್ ಎತ್ತಿಕೊಂಡು ಓಡುತ್ತಾನೆ, ಕೆಫೆ ಸಿಡಿಯುತ್ತದೆ. ಜಾರ್ಜ್ ಬದುಕುಳಿಯುತ್ತಾನೆ. ಪೊಲೀಸರನ್ನು ನಂಬದೆ ತಾನೇ ಹುಡುಕಲು ಹೊರಡುತ್ತಾನೆ. ನಿಕೋ ಕೊಲಾರ್ ಎಂಬ ಪತ್ರಕರ್ತೆ ಜೊತೆಯಾಗುತ್ತಾಳೆ. ಕೊಲೆಯ ಜಾಡು ಹಿಡಿದು ಹೋದರೆ ಅದು 1307ರಲ್ಲಿ ಫ್ರಾನ್ಸಿನ ರಾಜ ಬಂಧಿಸಿದ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಪಂಗಡದ ತನಕ ಹೋಗುತ್ತದೆ.

ಆಡು ಬರುವುದು ಐರ್ಲೆಂಡಿನಲ್ಲಿ. ಲಾಕ್‌ಮಾರ್ನ್ ಎಂಬ ಊರು, ಅಲ್ಲೊಂದು ಪಾಳುಬಿದ್ದ ಕೋಟೆ. ಗೋಡೆ ದಾಟಿ ಒಳಗೆ ಇಳಿದರೆ ಹಗ್ಗ ಕಟ್ಟಿದ ಆಡು. ಆಚೆಗೆ ಕೆಳಗಿಳಿಯುವ ಏಣಿ. ಏಣಿಯ ಕಡೆ ಹೆಜ್ಜೆ ಇಟ್ಟರೆ ಆಡು ಓಡಿಬಂದು ಗುಮ್ಮುತ್ತದೆ. ಜಾರ್ಜ್ ಬೀಳುತ್ತಾನೆ, ಏಳುತ್ತಾನೆ, ಧೂಳು ಕೊಡವಿಕೊಳ್ಳುತ್ತಾನೆ. ನಾವು ಏನು ಮಾಡಿದೆವು? ಜೇಬಿನಲ್ಲಿದ್ದ ಒಂದೊಂದು ಸಾಮಾನನ್ನೂ ಆಡಿಗೆ ತೋರಿಸಿದೆವು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಈ ಆಡು ಮಾತ್ರ ನಾವು ಕೊಟ್ಟದ್ದು ಯಾವುದನ್ನೂ ಮೂಸಲಿಲ್ಲ.

ಉತ್ತರ ಜೇಬಿನಲ್ಲಿ ಇರಲೇ ಇಲ್ಲ. ಒಮ್ಮೆ ಬೇಕೆಂದೇ ಗುಮ್ಮಿಸಿಕೊಳ್ಳಬೇಕು. ಜಾರ್ಜ್ ಪೂರ್ತಿ ಎದ್ದು ನಿಲ್ಲುವ ಮುಂಚೆಯೇ ಪಕ್ಕದಲ್ಲಿ ಬಿದ್ದಿರುವ ಹಳೆ ಉಳುವ ಯಂತ್ರದ ಮೇಲೆ ಕ್ಲಿಕ್ ಮಾಡಬೇಕು. ಆಡು ಅವನ ಹಿಂದೆ ಬರುತ್ತದೆ, ಹಗ್ಗ ಯಂತ್ರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಅಷ್ಟೇ. ಕೇಳಿದಾಗ ನಿಮಗೆ ನಗು ಬಂತು ಅಲ್ವಾ? ನನಗೂ ಬಂದಿತ್ತು. ಆಮೇಲೆ ಸಿಟ್ಟು ಬಂತು.

ಆ ಸಿಟ್ಟಿಗೆ ಕಾರಣ ಇದೆ. ಅಲ್ಲಿಯವರೆಗೆ ಆ ಆಟ ಎಲ್ಲೂ ನಮ್ಮಿಂದ ಅವಸರ ಕೇಳಿರಲಿಲ್ಲ. ಕೂತು ನೋಡು, ಜನರನ್ನು ಮಾತಾಡಿಸು, ಯೋಚಿಸು ಅಂತ ಗಂಟೆಗಟ್ಟಲೆ ಅಭ್ಯಾಸ ಮಾಡಿಸಿತ್ತು. ಒಂದು ಜಾಗದಲ್ಲಿ ಮಾತ್ರ ಹೇಳದೆ ಕೇಳದೆ ನಿಯಮ ಬದಲಾಯಿಸಿತು. ಆಡು ಮುಂದಿಟ್ಟುಕೊಂಡು ಆಡುವವರನ್ನೇ ಆಡಿಸಿತು.

ನಿಮ್ಮ ಪತ್ರಕ್ಕೆ ನಾನು ಹೇಳಬೇಕಾದ್ದು ಇಲ್ಲೇ ಇದೆ. ಇಂಥ ಆಟದಲ್ಲಿ ಸಿಕ್ಕಿಬೀಳುವುದರಲ್ಲಿ ಎರಡು ಜಾತಿ ಇದೆ. ಒಂದು, ಬೇಕಾದದ್ದೆಲ್ಲ ಕಣ್ಣೆದುರೇ ಇದ್ದು ಅದನ್ನು ಜೋಡಿಸಲು ಬಾರದೆ ಸಿಕ್ಕಿಬೀಳುವುದು. ಇನ್ನೊಂದು, ಆಟ ಮಾಡಿದವನ ತಲೆಯಲ್ಲಿ ಏನಿತ್ತು ಅಂತ ಊಹಿಸಲು ಆಗದೆ ಸಿಕ್ಕಿಬೀಳುವುದು. ಮೊದಲನೆಯದು ಪತ್ತೇದಾರಿಕೆ. ಎರಡನೆಯದು ಬರೀ ಹೆಣಗಾಟ. ಇಷ್ಟೆಲ್ಲ ವರ್ಷ ಆದ ಮೇಲೆ ನೆನಪಿನಲ್ಲಿ ಎರಡೂ ಕಲೆತುಹೋಗಿವೆ. ಮೂರು ತಿಂಗಳು ಹಿಡಿಯಿತು ಅಂತ ನೀವು ಹೆಮ್ಮೆಯಿಂದ ಬರೆದಿದ್ದೀರಿ. ಅದರಲ್ಲಿ ಎಷ್ಟು ದಿನ ಯೋಚಿಸುತ್ತಾ ಕಳೆದಿರಿ, ಎಷ್ಟು ದಿನ ಆಡಿಗೆ ಸಾಮಾನು ತೋರಿಸುತ್ತಾ ಕಳೆದಿರಿ? ಬೇಸರ ಮಾಡಿಕೊಳ್ಳಬೇಡಿ. ನನ್ನ ಲೆಕ್ಕವೂ ನಿಮ್ಮದಕ್ಕಿಂತ ಚೆನ್ನಾಗಿಲ್ಲ.

ಮೊದಲನೇ ಜಾತಿಗೆ ಇದೇ ಆಟದಿಂದ ಒಂದು ಉದಾಹರಣೆ. ಪ್ಯಾರಿಸ್ಸಿನ ರಸ್ತೆಯಲ್ಲಿ ಒಬ್ಬ ಕೆಲಸಗಾರ ಇದ್ದಾನೆ. ಒಂದು ಪೇಪರ್ ಕೊಟ್ಟರೆ ಅವನ ಗಮನ ಬೇರೆ ಕಡೆ ಹೋಗುತ್ತದೆ. ಆಗ ಅವನ ಸಾಮಾನಿನಿಂದ ಮ್ಯಾನ್‌ಹೋಲ್ ಮುಚ್ಚಳ ಎತ್ತುವ ಕಬ್ಬಿಣದ ಸಲಕರಣೆ ಎಗರಿಸಬಹುದು. ಅದರಿಂದ ಮುಚ್ಚಳ ತೆಗೆದು ಚರಂಡಿಗೆ ಇಳಿದರೆ ಕೋಡಂಗಿಯ ಕೆಂಪು ಮೂಗು ಸಿಗುತ್ತದೆ. ಸಲಕರಣೆಯ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಐರ್ಲೆಂಡಿನ ಕೋಟೆ ಗೋಡೆಯ ಬಿರುಕಿನ ಎದುರು ನಿಂತಾಗ ಅದು ಮತ್ತೆ ನೆನಪಾಗುತ್ತದೆ. ಬಿರುಕಿಗೆ ತುರುಕಿದರೆ ಕಾಲಿಡಲು ಮೆಟ್ಟಿಲು! ಇದನ್ನು ನಾನೇ ಬಿಡಿಸಿದ್ದು. ಆ ಕ್ಷಣ ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಒಂದು ಸುತ್ತು ನಡೆದದ್ದು ಇವತ್ತಿಗೂ ನೆನಪಿದೆ. ಅದಾಗಿ ಒಳಗೆ ಹಾರಿದ ಕೂಡಲೇ ಆಡು ಗುಮ್ಮಿತು ಅನ್ನೋದು ಬೇರೆ ಮಾತು.

ಈಗ ಕಷ್ಟದ ಲೆಕ್ಕ. ರೀಮೇಕ್ ಮಾಡುವವರು ಎರಡನೇ ಜಾತಿಯದನ್ನು ಕಳೆದು ಮೊದಲನೆಯದನ್ನು ಉಳಿಸಿದರೆ ನಾನು ಕೈಮುಗಿಯುತ್ತೇನೆ. ಎರಡನ್ನೂ ಕಳೆದರೆ ನಿಮ್ಮ ದೂರು ಸರಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ‘ರೀಫೋರ್ಜ್ಡ್’, ಅಂದರೆ ನೀವು ಆಡಿದ ಹೊಸ ರೂಪ, ಎರಡು ದಾರಿ ಇಟ್ಟಿದೆ. ಒಂದು ಕಥೆಯ ಮೋಡ್, ಅದು ಕೈಹಿಡಿದು ನಡೆಸುತ್ತದೆ. ಇನ್ನೊಂದು ಸಾಂಪ್ರದಾಯಿಕ ಮೋಡ್, ಹಳೆಯ ಹಾಗೆ ನಿಮ್ಮ ಪಾಡು ನಿಮಗೆ. ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಆಡಿದ್ದು ಮೊದಲನೆಯದು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ತಪ್ಪು ನಿಮ್ಮದಲ್ಲ. ಅರ್ಧ ಪುಟ ಬರೆದ ನಾನು ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಅಂತ ಬರೆದು ಎಲ್ಲಕ್ಕಿಂತ ಮುಖ್ಯವಾದ ಈ ಮಾತನ್ನೇ ಬಿಟ್ಟೆ. ಪತ್ತೇದಾರಿ ಆಟದ ವಿಮರ್ಶೆಯಲ್ಲಿ ಮೊದಲು ಹೇಳಬೇಕಾದ್ದು ಯೋಚನೆ ಮಾಡುವವರು ಯಾರು ಅನ್ನೋದು. ಅದನ್ನು ಬಿಟ್ಟದ್ದು ನನ್ನ ತಪ್ಪು.

ಹಾಗಂತ ಕಥೆಯ ಮೋಡ್ ಬೇಡವಾಗಿತ್ತು ಅಂತ ಹೇಳಲಾರೆ. ಒಗಟು ಬೇಡ, ಕಥೆ ಮಾತ್ರ ಸಾಕು ಅನ್ನುವವರೂ ಇದ್ದಾರೆ. ಅವರನ್ನು ಬಾಗಿಲಲ್ಲೇ ತಡೆಯಲು ನಾವು ಯಾರು? ನನ್ನ ತಕರಾರು ಸುಳಿವಿನ ಬಗ್ಗೆ ಅಲ್ಲ, ಸುಳಿವು ಬರುವ ಹೊತ್ತಿನ ಬಗ್ಗೆ. ಕೇಳಿದಾಗ ಕೊಟ್ಟರೆ ಅದು ಗೆಳೆಯ ಹೇಳಿಕೊಟ್ಟ ಹಾಗೆ. ಕೇಳುವ ಮೊದಲೇ ಕೊಟ್ಟರೆ ಪಕ್ಕದಲ್ಲಿ ಕೂತವನು ಪತ್ತೇದಾರಿ ಕಾದಂಬರಿಯ ಕೊನೇ ಪುಟ ಜೋರಾಗಿ ಓದಿದ ಹಾಗೆ. ನಿಮ್ಮ ಕೋಪ ಇದರ ಮೇಲೆ ಅಂತಾದರೆ ನಾನೂ ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ.

ನಿಮ್ಮ ಪತ್ರದ ಹಿಂದಿರುವ ‘ಈಗಿನವರಿಗೆ ಎಲ್ಲ ಸುಲಭ ಮಾಡಿಬಿಟ್ಟರು’ ಅನ್ನುವ ಭಾವಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಈ ದೂರು ಪತ್ತೇದಾರಿ ಆಟದಷ್ಟೇ ಹಳೆಯದು. 1983ರಲ್ಲಿ ಜಪಾನಿನ ಯೂಜಿ ಹೊರಿ ‘ಪೋರ್ಟೊಪಿಯಾ ಸರಣಿ ಕೊಲೆ ಪ್ರಕರಣ’ ಎಂಬ ಆಟ ಮಾಡಿದರು. ಕೋಬೆ ನಗರದಲ್ಲಿ ನಡೆಯುವ ಕಥೆ. ಆಡುವವರು ಕೀಬೋರ್ಡಿನಲ್ಲಿ ಪದ ಟೈಪ್ ಮಾಡಬೇಕಿತ್ತು. ಆಟಕ್ಕೆ ಗೊತ್ತಿರುವ ಪದವೇ ಬೀಳಬೇಕು. ಬೀಳದಿದ್ದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. 1985ರಲ್ಲಿ ಅದೇ ಆಟ ಟಿ.ವಿ.ಗೆ ಜೋಡಿಸಿ ಆಡುವ ನಿಂಟೆಂಡೋದ ಯಂತ್ರ ಫ್ಯಾಮಿಕಾಮ್‌ಗೆ ಬಂತು. ಅಲ್ಲಿ ಕೈಗೆ ಸಿಗುತ್ತಿದ್ದುದು ನಾಲ್ಕಾರು ಬಟನ್‌ಗಳ ಕಂಟ್ರೋಲರ್. ಹೊರಿ ಪದ ಟೈಪ್ ಮಾಡಿಸುವುದನ್ನೇ ಬಿಟ್ಟು ಹದಿನಾಲ್ಕು ಆಜ್ಞೆಗಳ ಪಟ್ಟಿ ಮಾಡಿಕೊಟ್ಟರು. ನೋಡು, ಕೇಳು, ತೆಗೆದುಕೊ, ಹೀಗೆ. ಆರಿಸಿದರೆ ಸಾಕು. ಯೋಚಿಸಿ ನೋಡಿ, ಅದು ಆ ಕಾಲದ ಕಥೆಯ ಮೋಡ್ ಅಲ್ಲದೆ ಇನ್ನೇನು? ಆ ಪಟ್ಟಿಯಿಂದ ಪತ್ತೇದಾರಿ ಆಟ ಸಾಯಲಿಲ್ಲ. ಜಪಾನಿನ ಎಷ್ಟೋ ಆಟಗಳು ಅದೇ ಪಟ್ಟಿ ಹಿಡಿದು ಬೆಳೆದವು.

ಇದರ ಮುಂದಿನ ಭಾಗ ಇನ್ನೂ ತಮಾಷೆಯಾಗಿದೆ. 2023ರಲ್ಲಿ ಸ್ಕ್ವೇರ್ ಎನಿಕ್ಸ್ ಅದೇ ಪೋರ್ಟೊಪಿಯಾವನ್ನು ಕೃತಕ ಬುದ್ಧಿಮತ್ತೆಯ ಪ್ರಯೋಗವಾಗಿ ಉಚಿತವಾಗಿ ಬಿಟ್ಟಿತು. ಪಟ್ಟಿ ಹೋಯಿತು, ಟೈಪ್ ಮಾಡುವುದು ವಾಪಸ್ ಬಂತು. ನಿಮಗೆ ತೋಚಿದ ಮಾತಿನಲ್ಲೇ ಸಹಾಯಕ ಯಾಸುಗೆ ಹೇಳಿ, ಅವನಿಗೆ ಅರ್ಥವಾಗುತ್ತದೆ ಅನ್ನೋದು ಆಸೆ. ಅವನಿಗೆ ಅರ್ಥವಾಗಲಿಲ್ಲ. ಸರಿಯಾದ ಯೋಚನೆಯನ್ನು ನಾಲ್ಕು ರೀತಿಯಲ್ಲಿ ಬರೆದರೂ ಅವನು ‘ಹ್ಮ್’ ಅಂದು ಸುಮ್ಮನಾಗುತ್ತಿದ್ದ. ಆಡಿದವರು ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಅದನ್ನು ತರಾಟೆಗೆ ತೆಗೆದುಕೊಂಡರು. ಹೊಸ ಚಿತ್ರ, ಹೊಸ ತಂತ್ರಜ್ಞಾನ, ದೊಡ್ಡ ಸಂಸ್ಥೆ ಎಲ್ಲ ಇತ್ತು. ಆದರೂ 1983ರ ಹೆಣಗಾಟವೇ ಹೊಸ ಬಟ್ಟೆ ಹಾಕಿಕೊಂಡು ಬಂದು ನಿಂತಿತು. ಕಷ್ಟ ಇದ್ದರೆ ಸಾಕು, ಆಟ ಒಳ್ಳೆಯದು ಅನ್ನುವುದಾದರೆ ಜನ ಇದನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿತ್ತು.

ಹಳೆಯದನ್ನು ಮುಟ್ಟಲೇಬಾರದು ಅನ್ನುವ ನಿಮ್ಮ ವಾದಕ್ಕೂ ಒಂದು ಉದಾಹರಣೆ ಇದೆ. ನಿಂಟೆಂಡೋದ ‘ಫ್ಯಾಮಿಕಾಮ್ ಡಿಟೆಕ್ಟಿವ್ ಕ್ಲಬ್’ ಆಟಗಳು 1988 ಮತ್ತು 1989ರಲ್ಲಿ ಜಪಾನಿನಲ್ಲಿ ಬಂದವು. 2021ರಲ್ಲಿ ಎರಡನ್ನೂ ನಿಂಟೆಂಡೋದ ಈಚಿನ ಯಂತ್ರ ಸ್ವಿಚ್‌ಗಾಗಿ ಹೊಸದಾಗಿ ಮಾಡಿದರು. ಇಂಗ್ಲಿಷಿಗೂ ಬಂದದ್ದು ಆಗಲೇ ಮೊದಲು. ಚಿತ್ರಗಳು ಅದ್ಭುತ, ಪಾತ್ರಗಳಿಗೆಲ್ಲ ದನಿ ಬಂತು. ಒಳಗಿನ ಆಟ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಅಂದರೆ, ಒಬ್ಬರನ್ನು ಒಂದು ಪ್ರಶ್ನೆ ಕೇಳುತ್ತೀರಿ. ಗೊತ್ತಿಲ್ಲ ಅನ್ನುತ್ತಾರೆ. ಅದೇ ಪ್ರಶ್ನೆ ಮತ್ತೆ ಕೇಳುತ್ತೀರಿ. ಮತ್ತೆ ಗೊತ್ತಿಲ್ಲ. ಸುಮ್ನೆ ‘ಯೋಚಿಸು’ ಒತ್ತಿ ವಾಪಸ್ ಬಂದು ಮೂರನೇ ಸಲ ಕೇಳಿದರೆ, ಅಯ್ಯೋ ಈಗ ನೆನಪಾಯಿತು ಅನ್ನುತ್ತಾರೆ! ಕೆಲವರಿಗೆ ಇದು ಹಳೆಯ ಕಾಲದ ಸೊಗಸು. ಇನ್ನು ಕೆಲವರಿಗೆ ತಲೆನೋವು. ನಾನು ಎರಡನೇ ಗುಂಪು. ಕಥೆ ನನಗೆ ಬಹಳ ಇಷ್ಟವಾಯಿತು, ಅದಕ್ಕೇ ಈ ಸಿಟ್ಟು. ಯಾವ ಪತ್ತೇದಾರನೂ ಬಟನ್ ಒತ್ತಿ ಒತ್ತಿ ಕೊಲೆಗಾರನನ್ನು ಹಿಡಿಯಬಾರದು.

ಹಾಗಾದರೆ ನಿಜವಾದ ಕಷ್ಟ ಹೇಗಿರಬೇಕು? 1993ರ ‘ಗೇಬ್ರಿಯಲ್ ನೈಟ್: ಸಿನ್ಸ್ ಆಫ್ ದ ಫಾದರ್ಸ್’ ನೋಡಿ. ಸಿಯೆರಾ ಸಂಸ್ಥೆಗಾಗಿ ಜೇನ್ ಜೆನ್ಸನ್ ಬರೆದದ್ದು, ನಡೆಯುವುದು ನ್ಯೂ ಆರ್ಲಿಯನ್ಸ್‌ನಲ್ಲಿ. ಸ್ಮಶಾನದಲ್ಲಿ ಒಂದು ಸಮಾಧಿಯ ಗೋಡೆ ಮೇಲೆ ಯಾರೋ ಗುರುತುಗಳನ್ನು ಗೀಚಿರುತ್ತಾರೆ. ಗೇಬ್ರಿಯಲ್ ಅವನ್ನು ಪುಸ್ತಕದಲ್ಲಿ ನಕಲು ಮಾಡಿಕೊಳ್ಳುತ್ತಾನೆ. ಅರ್ಥ ಗೊತ್ತಾದ ಒಂದು ಸಂದೇಶ ಇಟ್ಟುಕೊಂಡು ಯಾವ ಗುರುತು ಯಾವ ಅಕ್ಷರ ಅಂತ ನೀವು ಲೆಕ್ಕ ಹಾಕಬೇಕು. ಆಮೇಲೆ, ಮೈ ಜುಮ್ಮೆನ್ನುವ ಜಾಗ ಇದು, ಅದೇ ಗುರುತುಗಳಲ್ಲಿ ನೀವೇ ಒಂದು ಸಂದೇಶ ಬರೆದು ಆ ಗುರುತು ಗೀಚಿದ ಗುಂಪನ್ನು ಮೋಸಗೊಳಿಸಬೇಕು. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಆ ಗುರುತುಗಳ ಎರಡು ಪುಟ ಇವೆ. ಒಂದು ಅಕ್ಷರ ತಪ್ಪಾಗಿ, ಹೊಡೆದುಹಾಕಿ, ಪಕ್ಕದಲ್ಲಿ ಮತ್ತೆ ಬರೆದು, ಮತ್ತೆ ಹೊಡೆದುಹಾಕಿದ್ದೇನೆ. ಒಂದು ವಾರ ಹಿಡಿಯಿತು. ಆ ವಾರವನ್ನು ಯಾರಾದರೂ ಸುಳಿವು ಕೊಟ್ಟು ಕಿತ್ತುಕೊಂಡಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ.

ಅದೇ ಆಟದಲ್ಲಿ ಹೆಣಗಾಟವೂ ಇದೆ. ಪೊಲೀಸನೊಬ್ಬ ಮೋಟಾರ್‌ಸೈಕಲ್ ಪಕ್ಕ ನಿಂತಿರುತ್ತಾನೆ. ಅವನನ್ನು ಅಲ್ಲಿಂದ ಸರಿಸಿದರೆ ರೇಡಿಯೋದ ಮಾತು ಕೇಳಿಸಿಕೊಳ್ಳಬಹುದು. ಸರಿಸುವುದು ಹೇಗೆ? ಪಾರ್ಕಿನಲ್ಲಿರುವ ಮೂಕಾಭಿನಯದ ಕಲಾವಿದ ನಿಮ್ಮ ಹಿಂದೆಯೇ ಅಣಕಿಸುತ್ತಾ ಬರುವ ಹಾಗೆ ಮಾಡಿ, ಅವನನ್ನು ಪೊಲೀಸನ ತನಕ ಕರೆತರಬೇಕು. ಅವನು ಪೊಲೀಸನನ್ನೂ ಅಣಕಿಸುತ್ತಾನೆ. ನಗು ಬರುತ್ತದೆ, ನಿಜ. ಆದರೆ ಅದನ್ನು ಯೋಚಿಸಿ ಬಿಡಿಸಿದೆ ಅನ್ನುವವರನ್ನು ನಾನು ಇನ್ನೂ ಭೇಟಿಯಾಗಿಲ್ಲ.

2014ರಲ್ಲಿ ಜೆನ್ಸನ್ ತಾವೇ ಮುಂದೆ ನಿಂತು ಇದರ ರೀಮೇಕ್ ಮಾಡಿಸಿದರು. ಸುಳಿವುಗಳಿಗೆ ಒಂದು ಡೈರಿ ಸೇರಿತು. ಹಳೆಯ ಅಭಿಮಾನಿಗಳು ಜಾಸ್ತಿ ಕೊರಗಿದ್ದು ಮಾತ್ರ ದನಿಗಳ ಬಗ್ಗೆ. ಮೂಲದಲ್ಲಿ ಗೇಬ್ರಿಯಲ್‌ಗೆ ಟಿಮ್ ಕರಿ, ಪೊಲೀಸ್ ಗೆಳೆಯ ಮೋಸ್ಲಿಗೆ ಮಾರ್ಕ್ ಹ್ಯಾಮಿಲ್. ಎಳೆದೆಳೆದು, ಕೀಟಲೆ ತುಂಬಿ ಮಾತಾಡುವ ಆ ಗೇಬ್ರಿಯಲ್ ಹೊಸದರಲ್ಲಿ ಇಲ್ಲ. ಹೊಸಬರು ಕೆಟ್ಟದಾಗಿ ಮಾಡಿಲ್ಲ. ಆದರೆ ಮನೆಯವರ ಫೋನ್ ಎತ್ತಿದಾಗ ಬೇರೆ ಯಾರೋ ‘ಹಲೋ’ ಅಂದ ಹಾಗಾಗುತ್ತದೆ. ಈ ವಿಷಯದಲ್ಲಿ ‘ಬ್ರೋಕನ್ ಸ್ವೋರ್ಡ್’ ಪುಣ್ಯ ಮಾಡಿತ್ತು. ಜಾರ್ಜ್ ಬಾಯಿ ತೆರೆದರೆ ಇಂದಿಗೂ ರೋಲ್ಫ್ ಸ್ಯಾಕ್ಸನ್ ಅವರ ದನಿಯೇ.

ಮುಟ್ಟದೆ ಬಿಟ್ಟಿದ್ದರೆ ಅಂತ ಕೇಳಿದ್ದೀರಿ. ಈ ಆಟವನ್ನು ಮುಟ್ಟಿ ಬಹಳ ದಿನ ಆಯಿತು. 2009ರಲ್ಲೇ ‘ಡೈರೆಕ್ಟರ್ಸ್ ಕಟ್’ ಅಂತ ಒಂದು ಬಂದಿತ್ತು. ಅದರಲ್ಲಿ ನಿಕೋಗೆ ಹೊಸ ಭಾಗಗಳು ಸಿಕ್ಕವು, ಕಥೆ ಶುರುವಾಗುವುದೇ ಅವಳಿಂದ. ಜಾರ್ಜ್ ಸಾಯುವ ಜಾಗಗಳನ್ನೆಲ್ಲ ತೆಗೆದರು. ಆಡಿನ ಒಗಟನ್ನೂ ಹಗುರ ಮಾಡಿದರು. ನಿಕೋ ಬಗ್ಗೆ ಸಂತೋಷಪಟ್ಟವರು ಇದ್ದರು. ಆದರೆ ಕೆಫೆ ಸಿಡಿಯುವ ಮೊದಲೇ ಇನ್ನೊಂದು ಕೊಲೆ ತಂದಿಟ್ಟದ್ದು ಹಲವರಿಗೆ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ. ಪ್ಯಾರಿಸ್, ಉದುರಿದ ಎಲೆ, ಬಿಸಿಲು, ನೆಮ್ಮದಿ, ಆಮೇಲೆ ಢಮ್ ಅನ್ನೋದೇ ಅದರ ಆರಂಭ. ‘ರೀಫೋರ್ಜ್ಡ್’ ಆ ಸೇರಿಕೆಗಳನ್ನು ಬಿಟ್ಟು 1996ರದ್ದಕ್ಕೇ ಹಿಂದಿರುಗಿದೆ. ಅಂದರೆ ನಿಮ್ಮಂಥವರ ಮಾತು ಎಲ್ಲೋ ಕೇಳಿಸಿದೆ ಅಂತಲೇ ನನ್ನ ಲೆಕ್ಕ.

ಚಿತ್ರದ ಬಗ್ಗೆ ಹೋದ ಸಲವೇ ಬರೆದಿದ್ದೇನೆ, ಹೆಚ್ಚು ಬೇಡ. 640ಕ್ಕೆ 400 ಚುಕ್ಕೆಗಳ ಚಿತ್ರವನ್ನು 4ಕೆಗೆ ಏರಿಸಿದ್ದಾರೆ. ಪಾತ್ರಗಳ ಚಲನೆಯ ಬಿಡಿ ಚಿತ್ರಗಳೇ ಸುಮಾರು 30,000. ಅದಕ್ಕೆ ಯಂತ್ರದ, ಅಂದರೆ ಕೃತಕ ಬುದ್ಧಿಮತ್ತೆಯ ನೆರವು ಪಡೆದು, ಮುಖ ಮತ್ತು ಕೈಗಳನ್ನು ಕಲಾವಿದರು ತಿದ್ದಿದ್ದಾರೆ. ಯಂತ್ರ ಅಂದ ಕೂಡಲೇ ಮೂಗು ಮುರಿದವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಆದರೆ ಇಲ್ಲಿ ಕಲಾವಿದರ ಕೈ ಕಾಣುತ್ತದೆ ಅನ್ನೋದು ನನ್ನ ಅಭಿಪ್ರಾಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಬಟನ್. ಒತ್ತಿದರೆ ಆ ಕ್ಷಣವೇ 1996ರ ಚಿತ್ರ, ಮತ್ತೆ ಒತ್ತಿದರೆ ಹೊಸದು. ಕೆಫೆಯ ಎದುರು ನಿಂತು ಹತ್ತು ಹದಿನೈದು ಸಲ ಒತ್ತಿರಬೇಕು. ನನ್ನ ನೆನಪಿನಲ್ಲಿದ್ದ ಚಿತ್ರ ಹೊಸದೇ ಆಗಿತ್ತು! ಹಳೆಯದು ಅಷ್ಟು ಒರಟಾಗಿತ್ತು ಅಂತ ನಂಬಲು ಆಗಲಿಲ್ಲ.

ಹಳೆಯದು ಕೈಗೆ ಸಿಗುವ ಹಾಗೆ ಇಡುವುದು ಸಣ್ಣ ವಿಷಯ ಅಲ್ಲ. ವೆಸ್ಟ್‌ವುಡ್ ಮಾಡಿದ 1997ರ ‘ಬ್ಲೇಡ್ ರನ್ನರ್’ ಆಟದಲ್ಲಿ ಯಾರು ಮನುಷ್ಯ, ಯಾರು ಯಂತ್ರಮಾನವ ಅನ್ನೋದು ಆಡಿದ ಸಲ ಸಲಕ್ಕೂ ಬದಲಾಗುತ್ತಿತ್ತು. ಅದರ ಮೂಲ ಕೋಡ್ ಕಳೆದುಹೋಗಿತ್ತು. 2022ರಲ್ಲಿ ನೈಟ್‌ಡೈವ್ ಸಂಸ್ಥೆ ಸುಧಾರಿತ ಆವೃತ್ತಿ ತಂದಾಗ ಹೊಗೆ, ಮಳೆ, ನಿಯಾನ್ ಬೆಳಕಿನ ಆ ಚಿತ್ರಗಳು ನುಣುಪಾಗಿ, ಮಸುಕಾಗಿ ಬಂದವು. ಸುಳಿವು ಹುಡುಕಬೇಕಾದ ಆಟದಲ್ಲಿ ಚಿತ್ರವೇ ಮಸುಕಾದರೆ ಹೇಗೆ? ಅದರ ಜೊತೆಗೆ ಗಾಗ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಹಳೆಯ ಆವೃತ್ತಿ ಬಿಡಿಯಾಗಿ ಸಿಗುವುದು ನಿಂತಿತು. ಆಡುವವರು ಗಲಾಟೆ ಮಾಡಿದರು, ಹಳೆಯದು ವಾಪಸ್ ಬಂತು. ಹೊಸದು ಎಷ್ಟೇ ಕೆಟ್ಟದಾಗಿರಲಿ, ಹಳೆಯದನ್ನು ಕಿತ್ತುಕೊಳ್ಳದಿದ್ದರೆ ನಾನು ಸಹಿಸಿಕೊಳ್ಳಬಲ್ಲೆ. ಕಿತ್ತುಕೊಂಡರೆ ಆಗ ನಿಮ್ಮ ಪತ್ರಕ್ಕಿಂತ ಖಾರವಾದದ್ದನ್ನು ನಾನೇ ಬರೆಯುತ್ತೇನೆ.

ನೀವೀಗ ಒಂದು ಕೆಲಸ ಮಾಡಿ. ‘ರೀಫೋರ್ಜ್ಡ್’ ಅನ್ನು ಸಾಂಪ್ರದಾಯಿಕ ಮೋಡ್‌ನಲ್ಲಿ ಮತ್ತೆ ಶುರು ಮಾಡಿ. ಉತ್ತರ ಗೊತ್ತಿದ್ದರೂ ಪರವಾಗಿಲ್ಲ. ನನಗೂ ಗೊತ್ತಿತ್ತು, ಆದರೂ ಸಿರಿಯಾ ತಲುಪಿದಾಗ ಮತ್ತೆ ಸಿಕ್ಕಿಬಿದ್ದೆ. ಆಡು ನನ್ನನ್ನು ಈ ಸಲವೂ ಮೂರು ಸಲ ಗುಮ್ಮಿತು. ವಯಸ್ಸಾದ ಬೆರಳು, ಏನು ಮಾಡೋದು.

ಅದಾದ ಮೇಲೆ, ‘ಗೇಬ್ರಿಯಲ್ ನೈಟ್’ ಆಡಿಲ್ಲವಾದರೆ 1993ರದ್ದನ್ನೇ ಹಿಡಿಯಿರಿ, ಟಿಮ್ ಕರಿ ದನಿ ಇರುವುದು. ಪಕ್ಕದಲ್ಲಿ ಒಂದು ಪೆನ್ಸಿಲ್, ನಾಲ್ಕು ಹಾಳೆ ಇರಲಿ. ಸಮಾಧಿ ಗೋಡೆಯ ತನಕ ಹೋದಾಗ ನನಗೆ ಪತ್ರ ಬರೆಯಿರಿ. ಎಷ್ಟು ದಿನ ಹಿಡಿಯಿತು ಅಂತ ಹೇಳಿ. ಉತ್ತರ ಮಾತ್ರ ಕೇಳಬೇಡಿ, ಕೊಡುವುದಿಲ್ಲ.

ಸಂಪಾದಕ